ಜೋಡಿಗೊಂದು ಎದಿ ಅಂಗಿ

ನಮ್ಮ ಜನ ಬೋರ್ಡಿಗೆ ಹೆದರುವವರಲ್ಲ. 'ಕೆಲಸ ನಡೆಯುತ್ತಿದೆ, ನಿಧಾನವಾಗಿ ಚಲಿಸಿ' ಎಂಬ ಬೋರ್ಡು ಓದಿ ವೇಗ ಇಳಿಸಿದ ಒಬ್ಬ ಡ್ರೈವರನನ್ನೂ ನನ್ನ ಇಡೀ ಸರ್ವಿಸಿನಲ್ಲಿ ನಾನು ಕಂಡಿಲ್ಲ. ಕೆಂಪು ದೀಪ ಇಟ್ಟೆವು, ಮದುವೆ ಮನೆಯ ದೀಪ ನೋಡಿದ ಹಾಗೆ ನೋಡಿಕೊಂಡು ಹೋದರು. ಕೂಲಿಗಳಿಗೆ ಮಿಂಚುವ ಜಾಕೀಟು ತೊಡಿಸಿದೆವು, ಒಂದು ತಿಂಗಳು ಕಣ್ಣಿಗೆ ಬಿತ್ತು, ಆಮೇಲೆ ಅದೂ ರಸ್ತೆಯ ಬಣ್ಣವೇ ಆಗಿಹೋಯಿತು. ಸೈರನ್ ಕೂಗಿಸಿದರೆ ಗಾಜು ಏರಿಸಿ ಹಾಡಿನ ದನಿ ಜೋರು ಮಾಡಿಕೊಂಡರು. ಮನುಷ್ಯನಿಗೆ ರೂಢಿಯಾಗದೆ ಉಳಿಯುವುದು ಏನಾದರೂ ಇದೆಯೇ ಎಂದು ಹುಡುಕುತ್ತ ಹೊರಟ ನಮ್ಮ ಪ್ರಯೋಗಾಲಯದವರು ಕೊನೆಗೆ ಎದೆಬಡಿತಕ್ಕೆ ಬಂದು ನಿಂತರು. ರಸ್ತೆಯ ಮೇಲೆ ನಿಂತವರ ಎದೆಬಡಿತ ಎದುರಿಗೆ ಬರುವ ಡ್ರೈವರನ ಅಂಗೈಗೇ ತಗುಲಿದರೆ ಏನಾದೀತು ಎಂಬುದೇ ಅವರ ಪ್ರಶ್ನೆ.

ಕೇಳಲು ಹುಚ್ಚು ಅನಿಸುತ್ತದೆ. ಮಾಡಲು ಅಷ್ಟೇನೂ ಕಷ್ಟವಾಗಲಿಲ್ಲ. ಜಾಕೀಟಿನ ಎಡಗಡೆ ರೂಪಾಯಿ ಅಗಲದ ಒಂದು ಬಿಲ್ಲೆ. ಅದು ತೊಟ್ಟವರ ಎದೆಬಡಿತವನ್ನು ಹಿಡಿದು ಗಾಳಿಗೆ ಬಿಡುತ್ತದೆ. ಅರ್ಧ ಕಿಲೋಮೀಟರಿನೊಳಗೆ ಬಂದ ಯಾವುದೇ ಗಾಡಿಯ ಸ್ಟೇರಿಂಗಿನ ಪಟ್ಟಿ ಅದನ್ನು ಹಿಡಿದು ಅಂಗೈಯಲ್ಲಿ ಬಡಿಯುತ್ತದೆ. ಎಲ್ಲ ಗಾಡಿಗೂ ಪಟ್ಟಿ ಕಡ್ಡಾಯ ಎಂದು ಸರಕಾರ ಹೇಳಿತು. ಮೊದಲ ಸಲ ಕೈಯಲ್ಲಿ ಇನ್ನೊಬ್ಬರ ಜೀವ ಮಿಡಿದಾಗ ಎಂಥ ಒರಟು ಡ್ರೈವರನ ಕಾಲೂ ತಾನಾಗಿ ಆಕ್ಸಿಲರೇಟರಿನಿಂದ ಮೇಲೆದ್ದಿತು. ರಸ್ತೆ ಕೂಲಿಗಳು ಸಾಯುವುದು ನಿಂತೇಹೋಯಿತು ಎನ್ನುವಷ್ಟು ಕಡಿಮೆಯಾಯಿತು. ಇಲಾಖೆ ಅದಕ್ಕೆ 'ಸ್ಪಂದನ ಕವಚ' ಎಂದು ಹೆಸರಿಟ್ಟರೆ ತೊಡುವವರು 'ಎದಿ ಅಂಗಿ' ಅಂದರು. ಇಲಾಖೆಯ ಹೆಸರು ಫೈಲಿನಲ್ಲೇ ಉಳಿಯಿತು.

ನಾನು ಕುಂದಾ ಹೆರಕಲ್. ಗದಗಿನಿಂದ ಕೊಪ್ಪಳದ ತನಕದ ಹೆದ್ದಾರಿಯ ಕಂಟ್ರೋಲ್ ರೂಮಿನಲ್ಲಿ ಎಂಜಿನಿಯರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರು ಕೇಳಿ ಕೇಳಿ ದಣಿದು ಈಗ ಬಿಟ್ಟಿದ್ದಾರೆ. ಅವ್ವ ಹೋದ ಮೇಲೆ ಕ್ವಾರ್ಟರ್ಸಿನಲ್ಲಿ ನಾನು ಮತ್ತು ಒಂದು ಫ್ರಿಜ್ಜು ಇದ್ದೇವೆ. ಇಬ್ಬರಲ್ಲಿ ಸದ್ದು ಮಾಡುವುದು ಫ್ರಿಜ್ಜು.

ಎದಿ ಅಂಗಿ ಬಂದ ಕೆಲ ವರ್ಷಕ್ಕೆ ಮೇಲಿನವರಿಗೆ ಖರ್ಚಿನ ನೆನಪಾಯಿತು. ಪ್ರತಿಯೊಬ್ಬರಿಗೂ ಅಂಗಿ ಯಾಕೆ, ಅಂಗಿಗಳಿಂದ ರೆಕಾರ್ಡು ಮಾಡಿ ಮುದ್ರಿಸಿಟ್ಟ ಎದೆಬಡಿತವನ್ನೇ ರಸ್ತೆಯ ಕೋನುಗಳಲ್ಲಿ ತುಂಬಿ ಇಟ್ಟರಾಯಿತಲ್ಲ ಅಂದರು. ಅಂಗಿಗಳು ವಾಪಸು ಬಂದವು. ಕಿತ್ತಳೆ ಬಣ್ಣದ ಕೋನುಗಳ ಹೊಟ್ಟೆಯಲ್ಲಿ ಯಾರ್‍ಯಾರದೋ ಎದೆಬಡಿತಗಳು ಹೊರಟವು. ಆದರೆ ಡ್ರೈವರನ ಅಂಗೈ ಬಲು ಪಾಕಡಾ. ನಾಲ್ಕು ದಿನಕ್ಕೆ ಇದು ಜೀವವಲ್ಲ, ಮುದ್ರಿಕೆ ಎಂದು ಅದಕ್ಕೆ ಗೊತ್ತಾಗಿಬಿಡುತ್ತಿತ್ತು. ಆ ತಿಂಗಳು ಭಾನಾಪುರದ ಹತ್ತಿರ ಡಾಂಬರು ಹಾಕುತ್ತಿದ್ದ ಇಬ್ಬರನ್ನು ಕಳೆದುಕೊಂಡೆವು.

ಇದ್ದಬದ್ದ ಮುದ್ರಿಕೆಗಳನ್ನೆಲ್ಲ ಹಾಕಿ ನೋಡಿದಾಗ ಒಂದೇ ಒಂದು ಬಡಿತಕ್ಕೆ ಮಾತ್ರ ಯಾರ ಕೈಯೂ ರೂಢಿಯಾಗಲಿಲ್ಲ. ಅದು ನೆಟ್ಟಗೆ ಬಡಿಯುತ್ತ ಬಡಿಯುತ್ತ, ನಡುವೆ ಎಲ್ಲೋ ಒಮ್ಮೆ ಎಡವುತ್ತಿತ್ತು. ಒಂದು ಬಡಿತ ತಪ್ಪಿ, ಮುಂದಿನದು ದಪ್ಪಂತ ಬೀಳುತ್ತಿತ್ತು. ಅಲ್ಲಿ ಯಾರಿಗೋ ಏನೋ ಆಯಿತು ಎಂದು ಕಾಲು ಬ್ರೇಕಿಗೆ ಹೋಗುತ್ತಿತ್ತು. ಗಣಿತ ಹಾಕಿ ಹಾಗೆ ಎಡವುವ ಬಡಿತವನ್ನು ನಾವೇ ತಯಾರಿಸಲು ಹೋದೆವು. ವಾರದೊಳಗೆ ಕೈಗಳು ಅದನ್ನು ಸುಳ್ಳೆಂದು ಕಂಡುಹಿಡಿದವು. ಆದ್ದರಿಂದ ಆ ಒಂದೇ ಬಡಿತವನ್ನು ಬೀದರಿನಿಂದ ಚಾಮರಾಜನಗರದ ತನಕ ಎಲ್ಲ ಕೋನುಗಳಿಗೂ ತುಂಬಿದೆವು. ಅಂಗಿ ಯಾರ ಹೆಸರಿನಲ್ಲಿತ್ತೆಂದು ನೋಡಿದರೆ ಬನ್ನಿಕೊಪ್ಪದ ಭರಮಪ್ಪ. ರಸ್ತೆ ಅವನನ್ನು ಮುಟ್ಟಿರಲಿಲ್ಲ. ಅಂಗಿಗಳು ವಾಪಸು ಬರುವ ಮೊದಲೇ ಕಾಮಾಲೆಯಾಗಿ ಮನೆಯಲ್ಲಿ ಸತ್ತಿದ್ದ.

ಪೇಪರಿನವರಿಗೆ ಇದಕ್ಕಿಂತ ಇನ್ನೇನು ಬೇಕು? 'ಸತ್ತ ಮೇಲೂ ರಸ್ತೆ ಕಾಯುವ ಭರಮಪ್ಪ' ಎಂದು ಫೋಟೋ ಸಹಿತ ಬಂತು. ಲಾರಿಗಳ ಹಿಂದೆ 'ಭರಮಣ್ಣ ಅದಾನ, ನಿಧಾನ' ಎಂದು ಬರೆಸಿಕೊಂಡರು. ಅಂಗೈಯಲ್ಲಿ ಮಿಡಿತ ಬಂತೆಂದರೆ ಕ್ಲೀನರನಿಗೆ "ಭರಮಣ್ಣ ಬಂದ ನೋಡಲೇ" ಅನ್ನುವುದು ಡ್ರೈವರುಗಳ ಮಾತಾಗಿಹೋಯಿತು.

ನನ್ನ ಮೇಜಿಗೂ ಪರೀಕ್ಷೆಗೆಂದು ಒಂದು ಸ್ಟೇರಿಂಗು ಬಿಗಿದಿದ್ದಾರೆ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನಾನು ಅದರ ಮೇಲೆ ಕೈಯಿಟ್ಟು ಕೂತುಬಿಡುತ್ತಿದ್ದೆ. ಪರೀಕ್ಷೆ ಎಂದು ಹೆಸರು, ಅಷ್ಟೇ. ಇನ್ನೊಂದು ಜೀವ ಮಿಡಿಯುವುದು ನನ್ನ ಕೈಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಅದು ಎಡವಿದಾಗ ನನಗೂ ಜೀವ ಝಲ್ಲೆನ್ನುತ್ತಿತ್ತು, ಆಮೇಲೆ ಸಮಾಧಾನವಾಗುತ್ತಿತ್ತು.

ಅಂಥದೇ ಒಂದು ಮಧ್ಯಾಹ್ನ ಭರಮಪ್ಪನ ಹೆಂಡತಿ ಬಂದಳು.

ಹೆಸರು ಹುಲಿಗೆವ್ವ. ನಲವತ್ತರ ಆಸುಪಾಸು, ಬಿಸಿಲಿಗೆ ಕರಕಲಾದ ಮುಖ, ಮೈಮೇಲೆ ಈಗಿನ ಬರೀ ಬಟ್ಟೆಯ ಕಿತ್ತಳೆ ಜಾಕೀಟು. ಲಕ್ಕುಂಡಿ ದಾಟಿ ನಡೆಯುತ್ತಿರುವ ಕೆಲಸದಲ್ಲಿ ಕೆಂಪು ಬಾವುಟ ಹಿಡಿಯುತ್ತಾಳೆ. ಕುರ್ಚಿ ತೋರಿಸಿದರೆ ನೆಲದ ಮೇಲೆ ಕೂತಳು. ನೀರು ಕೊಟ್ಟೆ, ಮುಟ್ಟಲಿಲ್ಲ.

"ಅಕ್ಕಾರ, ಅವನ್ನ ಕುಂದ್ರಸ್ರಿ," ಅಂದಳು.

"ಯಾರನ್ನ?"

"ನನ್ನ ಗಂಡನ್ನ. ಜೀವ ಇದ್ದಾಗೂ ರಸ್ತಾದಾಗ ನಿಂತ, ಸತ್ತಮ್ಯಾಲೂ ನಿಂತೇ ಅದಾನ. ಸಾಕ್ರಿ. ಇನ್ನರ ಕುಂದ್ರಸ್ರಿ."

ನಿಧಾನಕ್ಕೆ ಕೇಳಿದಾಗ ವಿಷಯ ತಿಳಿಯಿತು. ಅವರಲ್ಲಿ ಮಾನಮಿ ಅಮಾಸಿಗೆ, ಅಂದರೆ ಮಹಾನವಮಿ ಮುಂಚಿನ ಅಮಾವಾಸ್ಯೆಗೆ, ಹಿರಿಯರನ್ನು ಮಾಡುತ್ತಾರೆ. ಸತ್ತವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಅವರಿಗೆ ಸೇರುತ್ತಿದ್ದ ಅಡಿಗೆ ಮಾಡಿ ಎಡೆ ಹಿಡಿದರೆ ಅವರು ಮನೆಯ ಹಿರಿಯರ ಸಾಲಿನಲ್ಲಿ ಕೂತಂತೆ. ಮೂರು ಅಮಾಸಿ ಹೋದವು, ಭರಮಪ್ಪನಿಗೆ ಎಡೆ ಇಲ್ಲ. ಅವನ ಅಣ್ಣ ಯಮನಪ್ಪ ಮನೆಗೆ ಯಜಮಾನ, ಅವನು ಸುತಾರಾಂ ಒಪ್ಪುವುದಿಲ್ಲ.

"ಎದಿ ಬಡಿಯೋ ಮನಷ್ಯಾಗ ಎಡಿ ಹೆಂಗ ಹಿಡಿಯೂದು ಅಂತಾನ್ರಿ ಭಾವ. ಅದೂ ಖರೇ ಐತಲ್ರಿ. ಹಿಂಗಾಗಿ ಅವ ಇತ್ಲಾಗ ಮನಿಗೂ ಇಲ್ಲ, ಅತ್ಲಾಗ ಹಿರ್‍ಯಾರ ಸಾಲಿಗೂ ಇಲ್ಲ. ನಾನೂ ಹಂಗ. ಮುತ್ತೈದಿನೂ ಅಲ್ಲ, ರಂಡೀನೂ ಅಲ್ಲ."

ನಾನು ಕಷ್ಟಕ್ಕೆ ಬಿದ್ದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದು ನನಗೆ ಬರುವುದಿಲ್ಲ, ಇದ್ದದ್ದನ್ನು ಹೇಳಿದೆ. "ಹುಲಿಗೆವ್ವ, ಅದನ್ನ ತೆಗೆದರ ಡ್ರೈವರುಗಳು ನಿಧಾನ ಮಾಡೂದಿಲ್ಲ. ಬೇರೆ ಬಡಿತ ಹಾಕಿದ್ದಾಗ ಇಬ್ಬರು ಹೋದರು. ನಾಳೆ ನಿಮ್ಮ ಗ್ಯಾಂಗಿನವರೇ ಹೋಗಬಹುದು."

"ಹಂಗಂತ ಸತ್ತಾವ್ನ ಎಷ್ಟ ದಿನಾ ನಿಂದ್ರಸ್ತೀರಿ?"

ಇವಳನ್ನು ಹೇಗಾದರೂ ಮೆತ್ತಗೆ ಮಾಡಿ ಕಳಿಸಬೇಕೆಂದುಕೊಂಡೆ. ಬಡಿತ ನಿಂತರೆ ನನ್ನ ಮಧ್ಯಾಹ್ನಗಳೂ ಖಾಲಿಯಾಗುತ್ತವೆ ಎಂಬ ಸ್ವಾರ್ಥವೂ ಇತ್ತು, ಸುಳ್ಳು ಯಾಕೆ ಹೇಳಲಿ. "ನೀವು ಅದನ್ನ ಎಂದಾದರೂ ಮುಟ್ಟಿ ನೋಡೀರೇನು?" ಎಂದು ಕೇಳಿದೆ.

"ನಾ ಎಲ್ಲಿ ಗಾಡಿ ಹೊಡೀತೇನ್ರಿ? ಲಾರಿಯವರು ಹೇಳ್ತಾರ, ಬಸ್ಸಿನವರು ಹೇಳ್ತಾರ. ನಿನ್ನ ಗಂಡ ಇವತ್ತ ಕೈಯಾಗ ಬಂದಿದ್ನವ್ವ ಅಂತಾರ. ಊರ ಮಂದಿಗೆಲ್ಲಾ ಸಿಗ್ತಾನ. ನನಗಷ್ಟ ಸಿಗೂದಿಲ್ಲ."

ಹಾಗೆ ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿತ್ತು, ಗಂಡನ ಮೇಲಿನ ಸಿಟ್ಟು. ನಾನು ಅವಳನ್ನು ಎಬ್ಬಿಸಿ ನನ್ನ ಕುರ್ಚಿಯಲ್ಲಿ ಕೂರಿಸಿದೆ. ಅವಳು ಕೈಗಳನ್ನು ಸೀರೆಗೆ ಎರಡು ಸಲ ಒರೆಸಿಕೊಂಡಳು. ಮುಡಿಯೊಳಗೆ ಕೈಹಾಕಿ ಕೂದಲು ಸರಿ ಮಾಡಿಕೊಂಡಳು. ಆಮೇಲೆ ಸ್ಟೇರಿಂಗು ಹಿಡಿದು ಕಣ್ಣು ಮುಚ್ಚಿದಳು.

ನಾನು ಮುದ್ರಿಕೆ ಹಚ್ಚಿದೆ. ಅವಳು ಅಳುತ್ತಾಳೆಂದು ಕಾದೆ. ಅವಳು ಅಳಲಿಲ್ಲ. ಹುಬ್ಬು ಗಂಟಿಕ್ಕಿತು. ಬಡಿತ ಎಡವಿದಾಗ ಕಣ್ಣು ಬಿಟ್ಟಳು.

"ಇದು ಅವಂದಲ್ರಿ."

"ಅವರದೇ, ಹುಲಿಗೆವ್ವ."

"ಅಲ್ರಿ ಅಕ್ಕಾರ. ಅವನ ಎದೀ ಮ್ಯಾಲ ತಲಿ ಇಟ್ಟು ಹದಿನೆಂಟ ವರ್ಷ ಮಕ್ಕೊಂಡೇನಿ. ಅವಂದು ಸಂಥ ಹೋಗ್ತಿತ್ತು. ಸಾಲಾ ಕೇಳಾಕ ಬಂದ್ರೂ ಅಷ್ಟ, ಜಗಳಾ ಆದ್ರೂ ಅಷ್ಟ. ಹಿಂಗ ಎಡವೂ ಪೈಕೀನ ಅಲ್ಲ."

ನನಗೆ ಕಿರಿಕಿರಿಯಾಯಿತು. ರಾಜ್ಯಕ್ಕೆಲ್ಲ ತುಂಬಿದ ಬಡಿತವನ್ನು ಅಲ್ಲ ಎಂದರೆ ಆಯಿತೇ? ಅಂಗಿ ಅವನ ಹೆಸರಿನಲ್ಲೇ ಇತ್ತಲ್ಲ, ಅವನೇ ತೊಡುತ್ತಿದ್ದನಲ್ಲ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

"ಹೆಸರು ಅವಂದು. ಅವ ಎಲ್ಲಿ ತೊಡ್ತಾನ್ರಿ? ಅವ ಕುದಿಯೂ ಡಾಂಬರ ಹೊರಾವ. ಆ ಅಂಗಿ ತೊಟ್ಕೊಂಡು ಡಾಂಬರಿನ ಡಬ್ಬಿ ಹಂತ್ಯಾಕ ಹ್ವಾದ್ರ ಮೈಗೆ ಹತ್ತಿ ಸುಡ್ತಿತ್ತು. ಬಾವುಟ ಹಿಡದು ಮುಂದ ನಿಂದ್ರಾಕಿ ನಾನು. ನಾ ತೊಡ್ತಿದ್ದೆ."

"ಮತ್ತ ನಿಮ್ಮ ಅಂಗಿ?"

"ನನಗೆಲ್ಲಿ ಬ್ಯಾರೆ ಅಂಗಿ? ಜೋಡಿಗೊಂದ ಅಂಗಿ."

ಈ ಕಡೆ ರಸ್ತೆ ಕೆಲಸಕ್ಕೆ ಮುಕಾದಮ ಆಳುಗಳನ್ನು ಒಬ್ಬೊಬ್ಬರಾಗಿ ತೆಗೆದುಕೊಳ್ಳುವುದಿಲ್ಲ. ಗಂಡ ಹೆಂಡತಿಯನ್ನು ಸೇರಿಸಿ ಒಂದು ಜೋಡಿ ಎಂದು ತೆಗೆದುಕೊಳ್ಳುತ್ತಾನೆ. ಇಬ್ಬರಿಗೂ ಸೇರಿ ಒಂದೇ ಪಗಾರ, ಒಂದೇ ಗುಡಿಸಲು, ಒಂದೇ ಹೆಸರು, ಅದು ಗಂಡನದು. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ, ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅಂಗಿ ಹಂಚುವಾಗಲೂ ಅದೇ ರೂಢಿ ನಡೆದಿದೆ, ಮುದ್ರಿಕೆ ತೆಗೆದವರು ಅಂಗಿಯ ಹೆಸರು ನೋಡಿದ್ದಾರೆ, ಒಳಗೆ ಯಾರಿದ್ದಾರೆಂದು ಯಾರೂ ನೋಡಿಲ್ಲ.

ಕಪಾಟಿನಲ್ಲಿ ಹಳೆಯ ಎದಿ ಅಂಗಿಯೊಂದು ಉಳಿದಿತ್ತು. ತೊಡಿಸಿದೆ. ಪರದೆಯ ಮೇಲೆ ಎರಡು ಗೆರೆ ಹರಿದವು, ಮೇಲಿನದು ಕೋನಿನ ಬಡಿತ, ಕೆಳಗಿನದು ಅವಳದು. ಮೊದಮೊದಲು ಏನೂ ಹೇಳುವಂತಿರಲಿಲ್ಲ, ಎಲ್ಲರ ಎದೆಯೂ ಹಾಗೇ ಬಡಿಯುತ್ತದೆ. ಆ ಹೊತ್ತಿಗೆ ಹೊರಗೆ ಹೆದ್ದಾರಿಯಲ್ಲಿ ಅದಿರಿನ ಲಾರಿಯೊಂದು ಕಿರ್‍ರೆಂದು ಏರ್ ಬ್ರೇಕ್ ಹಾಕಿತು. ಹುಲಿಗೆವ್ವ ಬೆಚ್ಚಿದಳು. ಕೆಳಗಿನ ಗೆರೆ ಒಂದು ಬಡಿತ ತಪ್ಪಿ, ದಪ್ಪಂತ ಮೇಲೆದ್ದಿತು. ಮೂರು ವರ್ಷದಿಂದ ನನ್ನ ಅಂಗೈ ಬಲ್ಲ ಎಡವು ಅದು.

"ಮೊದಲಿಂದ್ಲೂ ಹಂಗ್ರಿ ನಂದು," ಅಂದಳು ನಾಚಿಕೊಂಡು. "ಲಾರಿ ಬಂದ್ರ ಜಲ್ ಅಂತೈತಿ."

"ಹುಲಿಗೆವ್ವ, ಕೋನಿನ್ಯಾಗ ಇರೂದು ನಿಮ್ಮದೇ ಎದಿ. ಭರಮಪ್ಪಂದಲ್ಲ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆ ಗಾದೆಗೆ ಇಲಾಖೆಯೆಲ್ಲ ಸೇರಿ ಹೊಸ ಉದಾಹರಣೆ ಕೊಟ್ಟಂತಾಯಿತು ಎಂದು ನನಗೆ ನಗು ಬರುವುದರಲ್ಲಿತ್ತು. ಅವಳ ಮುಖ ನೋಡಿದೆ, ನಗು ಅಲ್ಲೇ ನಿಂತಿತು.

"ಹಂಗಾರ ಅವ ರಸ್ತಾದಾಗ ಇಲ್ಲೇನ್ರಿ?"

"ಇಲ್ಲ."

"ಎಂದೂ ಇದ್ದಿದ್ದಿಲ್ಲೇನ್ರಿ?"

"ಇಲ್ಲವ್ವ."

ಅವಳು ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಮಡಿಚಿ, ಮೇಜಿನ ಮೇಲಿಟ್ಟಳು. "ದಿನಾ ಕೆಲಸಾ ಬಿಟ್ಟಮ್ಯಾಲ ಒಂದ ಕೋನಿನ ಬಾಜೂಕ ಕುಂತು ಎಲ್ಲಾ ಹೇಳ್ತಿದ್ನಿರಿ. ಮುಕಾದಮ ಬೈದದ್ದು, ಮನಿ ಸೋರೂದು, ಭಾವನ ಸೊಸಿ ಬಸರಾದದ್ದು. ನಂದ ಎದಿಗೆ ನಾನ ಹೇಳಕೊಂಡ್ನೇನ್ರಿ ಇಷ್ಟ ದಿನಾ?"

ಆಗ ಅತ್ತಳು. ಗಂಡ ಸತ್ತ ಮನೆಯಲ್ಲಿ ಅಳುವ ಹಾಗೆ, ಬಾಯಿಗೆ ಸೆರಗಿಟ್ಟುಕೊಳ್ಳದೆ, ಅವನ ಹೆಸರು ಹಿಡಿದು ಅತ್ತಳು. ಪಕ್ಕದ ಕೋಣೆಯಿಂದ ಓಡಿ ಬಂದವರನ್ನು ನಾನು ಕಣ್ಣಿನಲ್ಲೇ ವಾಪಸು ಕಳಿಸಿದೆ. ಅವಳ ಗಂಡ ಸತ್ತದ್ದು ಮೂರು ವರ್ಷದ ಹಿಂದೆ, ಅವಳು ವಿಧವೆಯಾದದ್ದು ಆ ಮಧ್ಯಾಹ್ನ ನನ್ನ ಕುರ್ಚಿಯಲ್ಲಿ. ನನ್ನ ಕಣ್ಣಲ್ಲೂ ನೀರು ಬಂತು, ಯಾರಿಗಾಗಿ ಎಂದು ಕೇಳಿದರೆ ಹೇಳಲಾರೆ.

ಅತ್ತು ಮುಗಿದ ಮೇಲೆ ಮೊದಲು ಕೊಟ್ಟ ನೀರು ಕುಡಿದಳು. ನಾನು ಕೇಳಿದೆ, "ಇದು ನಿಮ್ಮದು. ಕೇಳದ ತಗೊಂಡಾರ. ನಿಲ್ಲಿಸ್ರಿ ಅಂತ ನೀವು ಹೇಳಿದರ ನಾ ಹೋರಾಡತೇನಿ. ನಿಲ್ಲಿಸಲೇನು?"

ಅವಳು ಲೋಟ ಮೇಜಿನ ಮೇಲಿಟ್ಟಳು. "ಸತ್ತಾವ್ನ ನಿಂದ್ರಸಬಾರ್ದು ಅಂತ ಬಂದಿದ್ನಿರಿ. ನಾ ಜೀವಂತ ಅದೇನಲ್ರಿ. ಇರ್ಲಿ ಬಿಡ್ರಿ. ಹೆಂಗಿದ್ರೂ ಅಲ್ಲೇ ನಿಂದ್ರಾಕಿ."

ಆ ಎಡವು ರೋಗವೇನೋ ಎಂದು ನನಗೆ ಚಿಂತೆಯಾಗಿ ಮರುವಾರ ಅವಳನ್ನು ಎದೆಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಹೆದರುವಂಥದ್ದಲ್ಲ, ಎಷ್ಟೋ ಜನಕ್ಕೆ ಇರುತ್ತದೆ, ಅಂಜಿಕೆಗೆ ಹಾಗಾಗುತ್ತದೆ ಅಂದರು. ಬಡಿತದ ಹೆಸರು ಬದಲಿಸಬೇಕೆಂದು ಮೇಲಿನವರಿಗೂ ಬರೆದೆ. ಭರಮಪ್ಪ ಎಂಬ ಹೆಸರು ಜನಮನದಲ್ಲಿ ನೆಲೆಯೂರಿದೆ, ಬಡಿತ ಮುಖ್ಯವೇ ಹೊರತು ಹೆಸರಲ್ಲ ಎಂದು ಉತ್ತರ ಬಂತು. ಹೆಸರು ಮುಖ್ಯವಲ್ಲದಿದ್ದರೆ ಬದಲಿಸಲು ಏನು ಧಾಡಿ ಎಂದು ಮತ್ತೆ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ಮಾನಮಿ ಅಮಾಸಿಗೆ ಹುಲಿಗೆವ್ವ ನನ್ನನ್ನು ಕರೆದಳು. ಬನ್ನಿಕೊಪ್ಪದ ಊರಂಚಿಗೆ ಅಣ್ಣತಮ್ಮಂದಿರ ಎರಡು ತಗಡಿನ ಮನೆ, ನಡುವೆ ಒಂದೇ ಅಂಗಳ. ಗೋಡೆಗೆ ಸುಣ್ಣ ಹೊಡೆದು, ನೆಲ ಸಾರಿಸಿದ್ದರು. ಹೋಳಿಗೆ, ಎಣ್ಣೆಗಾಯಿ, ಭರಮಪ್ಪನಿಗೆ ಬಹಳ ಸೇರುತ್ತಿದ್ದ ಮಿರ್ಚಿ ಭಜಿ, ಒಂದು ಕಟ್ಟು ಬೀಡಿ, ಮಡಿಕೆ ಬಿಚ್ಚದ ಹೊಸ ಧೋತರ, ಎಲ್ಲ ತಯಾರಾಗಿತ್ತು. ಯಮನಪ್ಪ ಮಾತ್ರ ಎಡೆಯ ಮುಂದೆ ಕೈಕಟ್ಟಿ ನಿಂತಿದ್ದ.

"ಬಡಿಯೂದು ನಿಂತೈತೇನು, ಕೇಳು," ಎಂದು ತನ್ನ ಹೆಂಡತಿಗೆ ಹೇಳಿದ.

ಅವರಲ್ಲಿ ಭಾವನ ಎದುರು ತಮ್ಮನ ಹೆಂಡತಿ ನೇರ ಮಾತಾಡುವುದಿಲ್ಲ. ಏನಿದ್ದರೂ ನೆಗೆಣ್ಣಿಯ ಬಾಯಿಂದ ದಾಟಬೇಕು. ಹುಲಿಗೆವ್ವ ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದಳು. ನೆಗೆಣ್ಣಿ ಇತ್ತ ತಿರುಗುವ ಮೊದಲೇ ಅವಳು ಎರಡು ಹೆಜ್ಜೆ ಒಳಗೆ ಬಂದಳು.

"ಅದು ಅವಂದಲ್ಲ ಭಾವ. ಅವ ಸತ್ತಾನ. ಎಡಿ ಹಿಡೀರಿ."

ಯಮನಪ್ಪ ನೆಲ ನೋಡಿದ. "ಮತ್ತ ಯಾರದು?"

"ನಂದು."

ಹೋಳಿಗೆ ಆರುತ್ತಿದ್ದವು. ಯಮನಪ್ಪ ಧೋತರದ ಮೇಲೆ ಕುಂಕುಮ ಹಾಕಿ, ತಮ್ಮನ ಹೆಸರು ಹಿಡಿದು, "ಬಾರೋ, ಬಂದ ಕುಂದ್ರು, ಉಣ್ಣು," ಎಂದು ಕರೆದ. ಅಷ್ಟು ವರ್ಷ ಬಿಗಿಹಿಡಿದ ಗಂಡಸು, ಕರೆಯುವಾಗ ದನಿ ಒಡೆಯಿತು. ಮನೆಯವರೆಲ್ಲ ಭರಮಪ್ಪನಿಗಾಗಿ ಅತ್ತರು, ಆಮೇಲೆ ಉಂಡರು. ಹುಲಿಗೆವ್ವ ಬಡಿಸುತ್ತ ಓಡಾಡಿದಳು. ಯಾರಾದರೂ ಒಬ್ಬರು ಅವಳ ಮುಖ ನೋಡಿ ನಿನ್ನದೇನವ್ವ ಅದು ಎಂದು ಕೇಳುತ್ತಾರೆಂದು ನಾನು ಕಾದೆ. ಯಾರೂ ಕೇಳಲಿಲ್ಲ.

ಅವಳಿಗೆ ಅರ್ಧ ದಿನದ ರಜೆಯಷ್ಟೇ ಸಿಕ್ಕಿತ್ತು, ಕೆಲಸವೂ ಈಗ ಬನ್ನಿಕೊಪ್ಪದ ಹತ್ತಿರವೇ ಬಂದಿತ್ತು. ಉಂಡ ಮೇಲೆ ಕಿತ್ತಳೆ ಜಾಕೀಟು ಹಾಕಿಕೊಂಡು ನನ್ನ ಜೊತೆ ಹೆದ್ದಾರಿಗೆ ಬಂದಳು. ನನಗೆ ಗದಗಿನ ಬಸ್ಸು ಹಿಡಿಯಬೇಕಿತ್ತು. ಕೋನುಗಳ ಸಾಲಿನ ಆ ಕಡೆ ಲಾರಿಗಳು, ಬಸ್ಸುಗಳು, ಬೈಕುಗಳು ಒಂದರ ಹಿಂದೊಂದು ಬಂದು ತಾವಾಗಿ ನಿಧಾನವಾಗಿ ಹೋಗುತ್ತಿದ್ದವು. ಒಬ್ಬ ಡ್ರೈವರನೂ ಅವಳತ್ತ ನೋಡಲಿಲ್ಲ. ನೋಡುವ ಅಗತ್ಯವೇ ಇಲ್ಲದ ಹಾಗೆ ಮಾಡಿದ್ದೇವಲ್ಲ.

"ಅಕ್ಕಾರ," ಅಂದಳು, "ನಂದು ಅವರೆಲ್ಲಾರ ಕೈಗೆ ಹೋಗ್ತೈತಿ. ಅವರದು ಏನರ ನನಗ ಬರ್ತೈತೇನ್ರಿ?"

"ಇಲ್ಲ ಹುಲಿಗೆವ್ವ. ಒಂದೇ ಕಡೆ ಹೋಗೂ ಹಂಗ ಮಾಡೇವಿ."

"ಎರಡೂ ಕಡೆ ಮಾಡಾಕ ಬರೂದಿಲ್ಲೇನು?"

ಬರುತ್ತದೆ. ಕಷ್ಟವೂ ಅಲ್ಲ. ಸ್ಟೇರಿಂಗಿನ ಪಟ್ಟಿಗೆ ಹಿಡಿದವರ ನಾಡಿ ಈಗಲೂ ತಿಳಿಯುತ್ತದೆ. ಅದನ್ನು ಗಾಳಿಗೆ ಬಿಟ್ಟು, ರಸ್ತೆಯಲ್ಲಿ ನಿಂತವರ ಬಾವುಟದ ಹಿಡಿಕೆಗೆ ಮುಟ್ಟಿಸಿದರೆ ಆಯಿತು. ನಮ್ಮ ಪ್ರಯೋಗಾಲಯದಲ್ಲಿ ಇಷ್ಟು ವರ್ಷ ಯಾರ ತಲೆಗೂ ಅದು ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಇದ್ದದ್ದನ್ನೇ ಹೇಳಿದೆ.

"ಮಾಡಾಕ ಬರ್ತದ. ಯಾರೂ ಕೇಳಿದ್ದಿಲ್ಲ."

"ನಾ ಈಗ ಕೇಳಾಕತ್ತೇನಲ್ರಿ," ಅಂದಳು. ಬಾವುಟ ಎತ್ತಿಕೊಂಡು ರಸ್ತೆಗೆ ಇಳಿದಳು.